ಸಗಣಿ ಹುಳ ಹಿಂದಕ್ಕೆ ನಡೆಯುವುದು ಯಾಕೆ

ಆಗ ಲೋಕ ಹೊಸದು. ಮಣ್ಣು ಇನ್ನೂ ಹಸಿ. ಗುಡ್ಡಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ಆಗ ಎಲ್ಲರೂ ತಲೆಮೇಲೆ ಹೊರುತ್ತಿದ್ದರು. ಇರುವೆ ಹೊರುತ್ತಿತ್ತು. ಅಳಿಲು ಹೊರುತ್ತಿತ್ತು. ಓತಿಕ್ಯಾತನೂ ಹೊರುತ್ತಿದ್ದ. ಹೊರೆ ನೆಲ ಮುಟ್ಟಬಾರದು, ಅದು ಕಟ್ಟಳೆ. ಮುಟ್ಟಿಸಿದವರಿಗೆ ಅವತ್ತು ಊಟದ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ದುರುಗಪ್ಪ ಅಂತ ಒಬ್ಬ ಸಗಣಿ ಹುಳ ಇದ್ದ. ಅವನ ಹೆಂಡತಿ ನೀಲವ್ವ. ಇಬ್ಬರೂ ಕರ್ರಗೆ. ಬಿಸಿಲಿಗೆ ಬಂದರೆ ಮಾತ್ರ ನೀಲವ್ವ ನೀಲಿ ಹೊಳೆಯುತ್ತಿದ್ದಳು. ದುರುಗಪ್ಪ ಅದನ್ನು ನೋಡುತ್ತ ನಿಲ್ಲುತ್ತಿದ್ದ.

ನೀಲವ್ವನ ಹೊಟ್ಟೆಯಲ್ಲಿ ಮೊಟ್ಟೆ ಇತ್ತು. ಅದನ್ನು ಹಸಿ ಸಗಣಿಯೊಳಗೆ ಇಡಬೇಕು. ಸಗಣಿಯನ್ನು ಮೆತ್ತನೆ ಮಣ್ಣಲ್ಲಿ ಹೂಳಬೇಕು. ಮರಿ ಹುಟ್ಟಿ ಅದನ್ನೇ ಉಣ್ಣಬೇಕು. ಸಗಣಿ ಇದ್ದದ್ದು ಕೆಳಗೆ, ಎಮ್ಮೆಗಳು ನೀರಿಗೆ ಬರುವ ಬಂಡೆಯ ಮೇಲೆ. ಮೆತ್ತನೆ ಮಣ್ಣು ಇದ್ದದ್ದು ಮೇಲೆ, ಬಾರೆಹಣ್ಣಿನ ಗಿಡದ ಬುಡದಲ್ಲಿ.

ಹೋದ ಸಲ ದುರುಗಪ್ಪ ಚೂರು ಚೂರೇ ಹೊತ್ತಿದ್ದ. ಮೇಲೆ ಮುಟ್ಟುವಷ್ಟರಲ್ಲಿ ಎಲ್ಲ ಒಣಗಿತ್ತು. ಒಂದು ಮರಿಯೂ ಉಳಿಯಲಿಲ್ಲ. ಹೊತ್ತು ಹೊತ್ತು ಅವನ ತಲೆ ಚಪ್ಪಟೆ ಆಯಿತು, ಅಷ್ಟೇ.

ಈ ಸಲ ಒಂದೇ ಉಂಡೆ ಕಟ್ಟಿದ. ತನಗಿಂತ ದೊಡ್ಡದು. ತಲೆಗೆ ಏರಿಸಿದ. ಗುಡ್ಡದ ಕಡೆ ತಿರುಗಿದ.

"ಹೊತ್ತು ಮುಳುಗೋದ್ರಾಗ ಮುಟ್ಟತೀವೇನ್ರೀ?" ನೀಲವ್ವ ಕೇಳಿದಳು. "ನನಗ ಇನ್ನ ತಡಿಯಾಕ ಆಗಂಗಿಲ್ಲ."

"ಮುಟ್ಟತೀವಿ. ನಡಿ."

ಅರ್ಧ ದಿನ ಹತ್ತಿದರು. ಅರ್ಧ ಗುಡ್ಡ ಆಯಿತು. ಅಲ್ಲಿ ಕಾಲು ಜಾರಿತು. ಉಂಡೆ ಬಿತ್ತು, ಉರುಳಿತು, ಬುಡಕ್ಕೇ ಹೋಗಿ ನಿಂತಿತು.

ಓತಿಕ್ಯಾತ ತಲೆ ಆಡಿಸಿ ನಕ್ಕ. "ಮಾವ, ನಿನಗಿಂತ ನಿನ್ನ ಹೊರೆನೇ ಜೋರ ನಡೀತೈತಿ."

ಇರುವೆಗಳ ಹಿರಿಯ ನಗಲಿಲ್ಲ. "ನೆಲ ಮುಟ್ಟಿತು ದುರುಗಪ್ಪ. ಇವತ್ತ ಎಲಿ ಇಲ್ಲ."

ದುರುಗಪ್ಪ ಕೆಳಗಿಳಿದ. ಉಂಡೆಯನ್ನೇ ನೋಡುತ್ತ ಕೂತ. ಏರಿಸೋಕೆ ಅರ್ಧ ದಿನ. ಇಳಿಯೋಕೆ ಕಣ್ಣುಮುಚ್ಚಿ ತೆರೆಯುವಷ್ಟು. ಯಾರೂ ಹೊತ್ತಿರಲಿಲ್ಲ.

"ನಿನ್ನ ಯಾರು ಹೊತ್ತರು?" ಅಂತ ಕೇಳಿದ.

ನೆಲ ಮಾತಾಡಿತು. "ನಾನು. ಹೊರಾಕಂತನೇ ಹಾಸ್ಕೊಂಡು ಬಿದ್ದೀನಿ. ಇಷ್ಟ ದಿನ ಒಬ್ಬರೂ ಕೇಳಲಿಲ್ಲ. ಭಾರ ನನಗ ಬಿಡು. ನೀ ಬರೇ ತಳ್ಳು."

ದುರುಗಪ್ಪನಿಗೆ ಕಟ್ಟಳೆ ನೆನಪಾಯಿತು. ನೀಲವ್ವನ ಮುಖ ನೋಡಿದ.

"ಎಲಿ ಇಲ್ಲಂದ್ರ ಉಪವಾಸ ಇರೋಣ," ಅಂದಳು ಅವಳು. "ತಳ್ಳರಿ."

ಮುಂಗಾಲಲ್ಲಿ ತಳ್ಳಿದ. ಉಂಡೆ ಅಲುಗಲಿಲ್ಲ. ತಿರುಗಿ ನಿಂತ. ಚಪ್ಪಟೆ ತಲೆ ನೆಲಕ್ಕೆ ಕೊಟ್ಟ, ಹಿಂಗಾಲು ಉಂಡೆಗೆ ಕೊಟ್ಟ. ಒತ್ತಿದ. ಉಂಡೆ ಹೊರಳಿತು.

ಆದರೆ ದಾರಿ ಕಾಣದು. ನೀಲವ್ವ ಉಂಡೆಯ ಮೇಲೆ ಹತ್ತಿ ಕೂತಳು. "ದಾರಿ ನಾ ಹೇಳತೀನಿ. ನೀವು ಬರ್ರಿ."

ನೆಟ್ಟಗೆ ಹತ್ತಿದರು. ಉಂಡೆ ಹಿಂದಕ್ಕೆ ಜಗ್ಗಿತು. ಆಗ ಗುಡ್ಡ ಅಂದಿತು, "ಎದಿ ಮ್ಯಾಲೆ ಬರಬ್ಯಾಡ. ಮಗ್ಗಲಿಗೆ ಹಾಯ್ದು ಓರೆಯಾಗಿ ಬಾ. ದಾರಿ ಉದ್ದ ಆಕ್ಕೈತಿ, ತಳ್ಳೋದು ಹಗುರ ಆಕ್ಕೈತಿ."

ಓರೆಯಾಗಿ ಹೋದರು. ತಳ್ಳಿದ, ನಿಂತ. ತಳ್ಳಿದ, ನಿಂತ. ನಿಂತಾಗೆಲ್ಲ ನೀಲವ್ವ ಇಳಿದು ಉಂಡೆಯ ಹಿಂದೆ ಒಂದು ಹರಳುಕಲ್ಲು ಕೊಟ್ಟಳು. ಉಂಡೆ ಜಾರಲಿಲ್ಲ.

"ಎಡಕ್ಕ. ಇನ್ನೊಂಚೂರು ಎಡಕ್ಕ. ಕಲ್ಲೈತಿ, ನಿಂದರ್ರಿ. ಹಾಂ, ಈಗ ಬರ್ರಿ."

ಗಾಳಿ ಬಂತು. ಒಣಗಿಸುವುದು ಅದರ ಕೆಲಸ. "ಇದನ್ನ ಪೂರಾ ನೋಡಬೇಕು," ಅಂದು ಸುಮ್ಮನೆ ನಿಂತಿತು.

ಹೊತ್ತು ಮುಳುಗುವ ಮುಂಚೆ ಬಾರೆಗಿಡ ಮುಟ್ಟಿದರು. ದುರುಗಪ್ಪ ಉಂಡೆ ಮುಟ್ಟಿ ನೋಡಿದ. ಹಸಿ ಇತ್ತು. ನೀಲವ್ವ ಮೊಟ್ಟೆ ಇಟ್ಟಳು. ಇಬ್ಬರೂ ಸೇರಿ ಹೂಳಿದರು.

ಕೆಳಗೆ ಪಂಕ್ತಿ ಕೂತಿತ್ತು. ಇವರು ಇಳಿದು ಬಂದು ದೂರ ನಿಂತರು. ಇರುವೆಗಳ ಹಿರಿಯ ಎದ್ದು ಬಂದ. ಪಂಕ್ತಿಯ ಮೊದಲಲ್ಲಿ ತಾನೇ ಎರಡು ಎಲೆ ಹಾಕಿದ.

"ಎಲಿ ಇಲ್ಲ ಅಂದಿದ್ದಿ," ಅಂದ ದುರುಗಪ್ಪ.

"ಅಂದಿದ್ದೆ. ಅಷ್ಟ ದೊಡ್ಡದನ್ನ ನಾವು ನೂರು ಮಂದಿ ಕೂಡಿದ್ರೂ ಹೊರಾಕ ಆಗತಿದ್ದಿಲ್ಲ. ಕುಂದ್ರು." ಆಮೇಲೆ ಮೆಲ್ಲಗೆ ಕೇಳಿದ, "ತ್ರಾಸ ಆತೇನು?"

"ಆತು. ಆದ್ರ ನಮ್ಮ ಕೈಲಿ ಆಗುವಂಥ ತ್ರಾಸ."

ಈ ಸಲ ಓತಿಕ್ಯಾತ ತಲೆ ಆಡಿಸಿದ್ದು ನಗೋಕಲ್ಲ. ಹೌದು ಹೌದು ಅಂತ.

ಮಳೆ ಬಂದಾಗ ಮರಿ ಹೊರಗೆ ಬಂತು. ಕರ್ರಗೆ, ತಲೆ ಚಪ್ಪಟೆ. ಮನುಷ್ಯ ಗಾಲಿ ಮಾಡಿದ್ದು, ಬಂಡಿ ಕಟ್ಟಿದ್ದು, ದಿಬ್ಬದಲ್ಲಿ ಗಾಲಿಗೆ ಕಲ್ಲು ಕೊಡುವುದು ಕಲಿತದ್ದು, ಎಲ್ಲ ಆಮೇಲಿನ ಮಾತು. ಮೊದಲು ಮಾಡಿದವರು ಇವರು.

ನಿಮ್ಮ ಅಜ್ಜಿ ಸಗಣಿ ಎತ್ತೋಕೆ ಹೋದರೆ ಒಂದು ಹಿಡಿ ಅಲ್ಲೇ ಬಿಟ್ಟು ಬರುತ್ತಿದ್ದಳು. ಅವರದು ಅದು, ಅನ್ನುತ್ತಿದ್ದಳು. ನೀನೂ ಬಿಡು, ಕೂಸೇ.

ಇವತ್ತಿಗೂ ಸಗಣಿ ಹುಳ ತಲೆ ನೆಲಕ್ಕೆ ಕೊಟ್ಟು, ಹಿಂಗಾಲಲ್ಲಿ ಉಂಡೆ ಒತ್ತುತ್ತ ಹಿಂದಕ್ಕೆ ಹಿಂದಕ್ಕೇ ನಡೆಯುತ್ತಾನೆ. ದಾರಿ ಕಾಣದು, ಆದರೂ ಅಂಜುವುದಿಲ್ಲ, ಮೇಲೆ ಅವಳು ಕೂತಿದ್ದಾಳೆ.