ಬೂದಿಗುಡ್ಡದ ಅರಮನೆ

"ಕೇಳಿರಯ್ಯಾ! ಬೂದಿಗುಡ್ಡದ ಮೇಲೆ ಅರಮನೆ ಕಟ್ಟಲಾಗುವುದು. ತಳಪಾಯ ಅಗೆಯುವಾಗ ಕಂಡ ಮೂರು ಸಂಗತಿಗಳ ಅರ್ಥ ಹೇಳಿದವರು ಕೇಳಿದ್ದನ್ನು ಪಡೆಯುವರು. ತಪ್ಪಿದವರ ತಲೆ ತೆಗೆಯಲಾಗುವುದು," ಎಂದು ಡಂಗುರ ಸಾರಿದರು.

ದೊರೆ ಮುದ್ದಪ್ಪನಾಯಕನಿಗೆ ತನಗಿಂತ ಮೊದಲು ಅಲ್ಲಿ ಯಾರಿದ್ದರೆಂದು ತಿಳಿಯದೆ ನಿದ್ದೆ ಬರುತ್ತಿರಲಿಲ್ಲ. ಈಗ ಅಲ್ಲಿ ಯಾರಿದ್ದಾರೆಂಬುದು ಗೊತ್ತಿತ್ತು. ಅದರಿಂದ ನಿದ್ದೆಗೇನೂ ತೊಂದರೆಯಿರಲಿಲ್ಲ.

ಅಲ್ಲಿದ್ದವರು ಕುರಿಗಾಹಿ ಮಾಳಿಂಗ ಮತ್ತು ಅವನ ಹೆಂಡತಿ ಕರೆವ್ವ. ಅವರ ಗುಡಿಸಲನ್ನು ಮರುದಿನ ಕೆಡವಿ ನೆಲ ಅಗೆಯುವುದೆಂದು ಗೊತ್ತಾಗಿತ್ತು.

"ಈ ಒಲಿ ಬಿಟ್ಟು ನಾ ಏಳಂಗಿಲ್ಲ. ಹೋಗಿ ಉತ್ತರ ಹೇಳು," ಎಂದಳು ಕರೆವ್ವ.

ಆಸ್ಥಾನದಲ್ಲಿ ದೊರೆ ಮೊದಲನೆಯದನ್ನು ಕೇಳುತ್ತಿದ್ದ. "ಕಾಡು ಸುಟ್ಟಿಲ್ಲ, ಊರು ಸುಟ್ಟಿಲ್ಲ. ಇಷ್ಟು ಬೂದಿ ಎಲ್ಲಿಯದು?"

"ರಾಕ್ಷಸನನ್ನು ಸುಟ್ಟದ್ದು," ಎಂದರು ಪಂಡಿತರು. ತಲೆ ಹೋಯಿತು. ಜೋಯಿಸರು ಉಲ್ಕೆ ಬಿತ್ತೆಂದರು. ಅವರದೂ ಹೋಯಿತು. ಗ್ರಹಚಾರ ಅವರೇ ನೋಡಿಕೊಂಡು ಬಂದಿದ್ದರಂತೆ.

ಮಾಳಿಂಗ ಮುಂದೆ ಬಂದ. "ಸಗಣಿ ಬೂದಿ, ಧಣಿ. ದನಕ್ಕೆ ರೋಗ ಬಂದ್ರೆ ನಾವೂ ದೊಡ್ಡಿಗೆ ಬೆಂಕಿ ಇಡ್ತೀವಿ. ತಲೆತಲಾಂತರ ಸುಟ್ರೆ ಗುಡ್ಡ ಆಗ್ತದ. ಪದರದಾಗ ಗೊರಸಿನ ಗುರುತು ಐತಿ, ನೋಡ್ರಿ."

ನೋಡಿಸಿದರು. ಇತ್ತು.

"ಹೊಂಡದ ಪಕ್ಕದ ಬಂಡೆಯಲ್ಲಿ ನುಣ್ಣನೆಯ ತಗ್ಗುಗಳಿವೆ. ಬಂಡೆಯನ್ನು ನೆಕ್ಕಿದ್ದು ಯಾರು?"

"ಕಲ್ಲೇ ನೆಕ್ಕಿದ್ದು. ಕಬ್ಬಿಣ ಕಾಣದ ಮಂದಿ ನೀರು ಹಾಕಿ ಕಲ್ಲಿನ ಕೊಡಲಿ ಮಸೆದಾರ." ಗುಡ್ಡದಲ್ಲಿ ಸಿಕ್ಕಿದ್ದ ಅಂಥದೊಂದನ್ನು ಕಂಬಳಿಯೊಳಗಿಂದ ತೆಗೆದುಕೊಟ್ಟ. ಗುಡ್ಡಕ್ಕೆ ಒಯ್ದು ಇಡಿಸಿದರೆ ಅದು ತಗ್ಗಿನಲ್ಲಿ ಸರಿಯಾಗಿ ಕೂತಿತು.

"ಹಳೆಯ ಮನೆಯೊಂದರ ನೆಲದಡಿ, ಒಲೆಯ ಪಕ್ಕ, ಬಾಯಿ ಮುಚ್ಚಿದ ಮಡಕೆ ಸಿಕ್ಕಿದೆ. ಕಳ್ಳ ಕದಿಯಲೊಲ್ಲ, ಮನೆಯೊಡತಿ ಕೊಡಲೊಲ್ಲಳು. ಒಳಗೇನು?"

"ಹೊನ್ನು!" ಎಂದುಬಿಟ್ಟ ಮಂತ್ರಿ, ತಡೆಯಲಾಗದೆ. ಹೊನ್ನಾದರೆ ಕಳ್ಳ ಬಿಡುತ್ತಿದ್ದನೇ? ಡಂಗುರದಲ್ಲಿ ಮಂತ್ರಿಗಳಿಗೆ ವಿನಾಯಿತಿ ಇರಲಿಲ್ಲ.

ನೆಲ ಒರೆಸಿದ ಮೇಲೆ ದೊರೆ ಮಾಳಿಂಗನ ಕಡೆ ತಿರುಗಿದ. "ನೀನು ಹೇಳು."

"ಕೂಸು, ಧಣಿ."

ಮಡಕೆ ಒಡೆದರು. ಬೆರಳುದ್ದದ ಎಲುಬುಗಳಿದ್ದವು.

"ನಿನಗೆ ಹೇಗೆ ಗೊತ್ತು?"

"ನಮ್ಮ ಒಲಿ ಪಕ್ಕದಾಗೂ ಒಂದು ಐತ್ರಿ. ಹೊರಗ ಚಳಿ ಆಗ್ತದಂತ ಆಕಿ ಒಳಗೇ ಇಟ್ಲು."

"ಏನು ಬೇಕು, ಕೇಳು," ಎಂದ ದೊರೆ.

"ಆ ಮೂರು ಗೇಣು ನೆಲ ಅಗೀಬ್ಯಾಡ್ರಿ."

ದೊರೆ ಮಾತಿಗೆ ತಪ್ಪುವವನಲ್ಲ. ಮೂರು ಗೇಣನ್ನು ಅಳೆದು ಬಿಟ್ಟು, ಉಳಿದ ಗುಡಿಸಲನ್ನು ಕೆಡವಿಸಿದ.

ಅರಮನೆ ಎದ್ದಿತು. ಅದರ ಅಡುಗೆಮನೆಯ ಮೂಲೆಯಲ್ಲಿ ಕಲ್ಲು ಹಾಸದ ಮೂರು ಗೇಣು ಮಣ್ಣಿದೆ. ಅದನ್ನು ಸಾರಿಸಲು ಕರೆವ್ವನಿಗೆ ಅಮಾವಾಸ್ಯೆಗೊಮ್ಮೆ ಹಿತ್ತಲ ಬಾಗಿಲಿನಿಂದ ಪ್ರವೇಶವುಂಟು. ಕಾಲು ತೊಳೆದುಕೊಂಡು ಬರಬೇಕು.