ಅರಸನ ಕೊರಳ ಮೇಲಿನ ಕತ್ತಿ

"ಕೇಳ್ರಪ್ಪೋ ಕೇಳ್ರಿ! ಹೊಸ ನಾಣ್ಯದಲ್ಲಿ ಅರಸರ ಕೊರಳ ಮೇಲೆ ಕತ್ತಿಯ ಗೆರೆ ಬಿದ್ದಿದೆ. ಇದು ರಾಜದ್ರೋಹ! ಅರಸರ ಮೂರು ಒಗಟು ಒಡೆದವರಿಗೆ ಕೇಳಿದ್ದು ಸಿಗುತ್ತೆ. ತಪ್ಪಿದವರ ತಲೆ ಹೋಗುತ್ತೆ. ಯಾರೂ ಒಡೆಯದಿದ್ದರೆ ನಾಳೆ ನಾಣ್ಯ ಬಡಿದ ಮಾಳಪ್ಪನ ತಲೆ!" ಎಂದು ಹಗರಿಪುರದಲ್ಲಿ ಡಂಗುರ ಹೊಡೆದರು.

ಮಾಳಪ್ಪನ ಹೆಂಡತಿ ತಿಪ್ಪವ್ವ. ದಿನಾ ನಾಣ್ಯ ಬಡಿಯುವ ಟಂಕಸಾಲೆಗೆ ಗಂಡನ ಬುತ್ತಿ ಒಯ್ಯುವವಳು. ಡಂಗುರ ಕೇಳಿ ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಅರಮನೆಗೆ ನಡೆದಳು.

ಅಲ್ಲಿ ಆಗಲೇ ಇಬ್ಬರು ಸೋತಿದ್ದರು. ಜೋಯಿಸ ರಾಹುವಿನ ಕಾಟ ಅಂದಿದ್ದ, ಅಕ್ಕಸಾಲಿಗ ಹಗೆಗಳ ಮಾಟ ಅಂದಿದ್ದ. ಇಬ್ಬರ ಕೈಗೂ ಕೋಳ ಬಿದ್ದಿತ್ತು.

"ನೀನೇನೇ ಒಡೀತೀಯ?" ಅರಸ ನಕ್ಕ. "ಹೇಳು, ಕೊರಳ ಮೇಲೆ ಕತ್ತಿ ಇದೆ, ಹಿಡಿದ ಕೈ ಇಲ್ಲ. ಕತ್ತಿ ಯಾರದು?"

"ನಿಮ್ಮದೇ, ದೊರೆ. ನಾಣ್ಯ ಮಗುಚಿ ನೋಡಿ. ಹಿಂಬದಿಯ ನಿಮ್ಮ ಪಟ್ಟದ ಕತ್ತಿಯೇ ಮುಂದೆ ಮೂಡಿದೆ."

"ಆಹಾ! ಅದರ ಹಿಡಿ ಬಲಕ್ಕಿದೆ, ಇದರದು ಎಡಕ್ಕೆ. ಅದು ನಟ್ಟನಡುವೆ ಇದೆ, ಇದು ಕೆಳಗೆ ಜಾರಿದೆ. ಒಂದೇ ಕತ್ತಿ ಎರಡು ಥರ ಹೇಗಾದೀತು? ಇದೇ ಎರಡನೇ ಒಗಟು."

ತಿಪ್ಪವ್ವ ಕಣ್ಣಿನ ಕಾಡಿಗೆ ತೆಗೆದು ಎಡ ಅಂಗೈಯಲ್ಲಿ ಕತ್ತಿ ಬರೆದಳು. ಆಮೇಲೆ ಎರಡೂ ಕೈ ತುಸು ಮೇಲೆಕೆಳಗಾಗಿ ಜೋಡಿಸಿದಳು. "ಈಗ ದಾರಿಗೆ ಬಂದಳು, ಕೈ ಮುಗಿದು ತಪ್ಪಾಯ್ತು ಅಂತಾಳೆ!" ಎಂದು ಸಭೆ ನಕ್ಕಿತು. ಅವಳು ಕೈ ಬಿಚ್ಚಿ ತೋರಿಸಿದಳು. ಬಲ ಅಂಗೈಯಲ್ಲೂ ಕತ್ತಿ ಮೂಡಿತ್ತು, ಹಿಂದುಮುಂದಾಗಿ, ಮಣಿಕಟ್ಟಿನತ್ತ ಜಾರಿ.

"ಮೇಲಿನ ಕತ್ತಿಯ ಅಚ್ಚು ಕೆಳಗಿನ ನಿಮ್ಮ ಮುಖದ ಅಚ್ಚಿಗೆ ಹೀಗೇ ಬಡಿಯಿತು. ಬಡಿಯುವಾಗ ಕದಲಿತ್ತು, ಅದಕ್ಕೇ ಕತ್ತಿ ಕೊರಳಿಗೆ ಬಂತು. ಆ ಏಟು ತಿಂದ ಅಚ್ಚಿನ ನಾಣ್ಯಕ್ಕೆಲ್ಲ ಅದೇ ಗೆರೆ."

ಅರಸನ ನಗು ನಿಂತಿತು. "ಕೊನೆಯದು. ಎರಡು ಅಚ್ಚಿನ ನಡುವೆ ಬೆಳ್ಳಿ ಬಿಲ್ಲೆ ಇರಬೇಕು. ಅದಿಲ್ಲದಾಗ ಏನಿತ್ತು?"

"ನಿದ್ದೆ ಇತ್ತು! ಪಟ್ಟದ ಹಬ್ಬ ಬಂತು, ಹಗಲು ರಾತ್ರಿ ಸುತ್ತಿಗೆ ನಿಲ್ಲಕೂಡದು ಅಂದವರು ಯಾರು? ತೂಕಡಿಸಿದ ಕೈ ಬಿಲ್ಲೆ ಇಡೋದು ಮರೆಯಿತು, ಸುತ್ತಿಗೆ ಬಿತ್ತು. ನಿಮ್ಮ ಕೊರಳಿಗೆ ಕತ್ತಿ ಇಟ್ಟಿದ್ದು ನಿಮ್ಮ ಅಪ್ಪಣೆ. ಅದರ ತಲೆ ತೆಗೀರಿ!"

ಅರಸನ ಮುಖ ಹರಳೆಣ್ಣೆ ಕುಡಿದಂತಾಯಿತು. ಊರಿಗೆಲ್ಲ ಕೊಟ್ಟ ಮಾತು, ತಪ್ಪುವಂತಿಲ್ಲ. "ಏನು ಬೇಕೋ ಕೇಳು" ಅಂದ.

"ನನ್ನ ಗಂಡನ್ನ ಬಿಡಿ. ಈ ಇಬ್ಬರನ್ನೂ ಬಿಡಿ. ಹೊತ್ತು ಮುಳುಗಿದ ಮೇಲೆ ಟಂಕಸಾಲೆ ಮುಚ್ಚಲಿ."

"ಮೂರು ಕೇಳ್ತೀಯಲ್ಲೇ!"

"ನೀವೂ ಮೂರು ಕೇಳಿದಿರಲ್ಲ?"

ಕೊಡದೆ ವಿಧಿಯಿರಲಿಲ್ಲ, ಕೊಟ್ಟ. ಮನೆ ಸೇರಿದ ಮಾಳಪ್ಪ ಹೊದ್ದು ಮಲಗಿಬಿಟ್ಟ. ಮರುದಿನ ಬೆಳಿಗ್ಗೆ ಅರಮನೆಯ ಆಳು ಕರೆಯಲು ಬಂದರೆ, ತಿಪ್ಪವ್ವ ಬಾಗಿಲಿಗೆ ಅಡ್ಡ ನಿಂತು, "ಮಲಗಿದಾರೆ. ಆಮೇಲೆ ಬಾ" ಅಂದಳು.