ಚಪ್ಪಾಳೆಗುಡ್ಡಕ್ಕೆ ಹೆಸರು ಬಂದ ಸಂಜೆ

ಹೊನ್ನಕೋಡಿ ಬಂದರು ನೋಡಲು ಬರುವವರಿಗೆ ಈಗ ಎಲ್ಲವೂ ಸಲೀಸು. ಬಸ್ ನಿಲ್ದಾಣದಲ್ಲೇ ಒಂದು ಬಣ್ಣದ ಹಾಳೆ ಕೈಗೆ ಸಿಗುತ್ತದೆ. ಬೆಳಿಗ್ಗೆ ಕೋಟೆಯ ಬುರುಜು, ಹತ್ತಕ್ಕೆ ದೀಪಸ್ತಂಭ, ಮಧ್ಯಾಹ್ನ ಬಂಗುಡೆ ಊಟ, ಮೂರಕ್ಕೆ ದೋಣಿವಿಹಾರ, ಸಂಜೆ ಐದೂವರೆಗೆ ತಪ್ಪದೆ ಚಪ್ಪಾಳೆಗುಡ್ಡ. ಗುಡ್ಡವೆಂದರೆ ಮಹಾ ಎತ್ತರವೇನಲ್ಲ, ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಎದುರಾಗಿ ನಿಂತ ಒಂದು ಬೋಳು ದಿಬ್ಬ. ತೆಂಕಣ ನೆತ್ತಿಯಲ್ಲಿ ನಾಲ್ಕು ಕಂಬದ ಕಲ್ಲಿನ ಮಂಟಪ, ಅದರ ಬೆನ್ನಿಗೆ ಗೋಡೆಯಂತೆ ಎದ್ದ ಕರಿಬಂಡೆ. ಸೂರ್ಯ ನೀರಿಗಿಳಿಯುವಾಗ ಜನ ಮಂಟಪದ ಮುಂದೆ ಒತ್ತೊತ್ತಾಗಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಬಂಡೆ ಆ ಸದ್ದನ್ನು ಇಮ್ಮಡಿ ಮಾಡಿ ಕೆಳಗಿನ ಬಂದರಿಗೆ ಎಸೆಯುತ್ತದೆ. ಹಿಂದೆ ರಾಣಿಯೊಬ್ಬಳು ಇಲ್ಲಿಯ ನೋಟಕ್ಕೆ ಮನಸೋತು ಚಪ್ಪಾಳೆ ತಟ್ಟಿದಳು, ಅದರಿಂದ ಗುಡ್ಡಕ್ಕೆ ಈ ಹೆಸರು ಬಂತು ಎಂದು ಹಾಳೆಯಲ್ಲಿ ಅಚ್ಚಾಗಿದೆ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಹಾಳೆ ಅಚ್ಚು ಹಾಕಿಸುವವರು ಅದಕ್ಕೆಂದು ಐತಿಹ್ಯ ಬರೆದುಕೊಡಲು ನನ್ನನ್ನೇ ಕೇಳಿದ್ದರು. ನಾಲ್ಕು ಪುಟ ಬರೆದುಕೊಟ್ಟೆ, ಒಂದು ಸಾಲು ಉಳಿಸಿಕೊಂಡರು. "ನೋಡ್ಲಿಕ್ಕೆ ಬಂದವರ ಬಾಯಿ ಕಹಿ ಮಾಡುದು ಯಾಕೆ ಮಾಷ್ಟ್ರೇ?" ಎಂದರು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರುವವರು ಓದಿಕೊಂಡೇ ಬರಲಿ.

ನಾನೂ ಹೊರಗಿನಿಂದ ಬಂದವನೇ. ಇಲ್ಲಿಯ ಶಾಲೆಗೆ ಬಂದ ಮೊದಲ ವರ್ಷ ಬಹುಮಾನ ಹಂಚುವ ದಿನ, ಮೀನುಗಾರರ ಕೇರಿಯಿಂದ ಬಂದ ಮಕ್ಕಳಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅಹಂಕಾರವೆಂದುಕೊಂಡು ಮುಂದೆ ಕುಳಿತಿದ್ದ ಹುಡುಗಿಯೊಬ್ಬಳನ್ನು ಎಲ್ಲರೆದುರು ಎಬ್ಬಿಸಿ, ತಟ್ಟುವ ತನಕ ಕೂರಬೇಡ ಎಂದೆ. ಅವಳು ಸಭೆ ಮುಗಿಯುವ ತನಕ ನಿಂತೇ ಇದ್ದಳು. ಮರುದಿನ ಅವಳ ಅಜ್ಜಿ ಸೀತು ಖಾರ್ವಿ ಶಾಲೆಯ ಜಗಲಿಗೆ ಬಂದು, ಬೈಯದೆ, ದನಿ ಎತ್ತದೆ, ಈ ಕಥೆ ಹೇಳಿ ಎದ್ದು ಹೋದರು. ಆ ನಾಚಿಕೆ ಇವತ್ತಿಗೂ ನನ್ನಲ್ಲಿದೆ.

ಹೊನ್ನಕೋಡಿಯ ಅಳಿವೆಯ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬವಿದೆ. ಮಳೆಗಾಲ ಕಳೆದ ಮೇಲೆ ಅದು ಇದ್ದಲ್ಲಿ ಇರುವುದಿಲ್ಲ. ದೋಣಿ ಒಳಗೆ ಬರುವ ಆಳದ ದಾರಿ ಒಂದು ವಾರ ತೆಂಕಣಕ್ಕಿದ್ದರೆ ಮರುವಾರ ಬಡಗಣಕ್ಕೆ ಸರಿಯುತ್ತದೆ. ಕಡಲಿನಲ್ಲಿರುವವನಿಗೆ ಅದು ಕಾಣದು. ಗುಡ್ಡದ ಮೇಲಿಂದ ನೀರಿನ ಬಣ್ಣ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಕೇರಿಯವರು ಗುಡ್ಡದ ಮೇಲೆ ಒಬ್ಬರನ್ನು ನೋಟಕ್ಕೆ ಕೂರಿಸುತ್ತಿದ್ದರು. ದಾರಿ ಎಲ್ಲಿದೆಯೋ ಅದಕ್ಕೆ ನೇರವಾಗಿ ಕೋಲು ನೆಟ್ಟು ಬಿಳಿ ಬಟ್ಟೆ ಕಟ್ಟುವುದು ಅವರ ಕೆಲಸ. ಬಿಳುಪು ಕಂಡರೆ ದೋಣಿಯವರು ಅದಕ್ಕೇ ಮೂತಿ ಇಟ್ಟು ಬರಬೇಕು. ಕಾಣದಿದ್ದರೆ ಎಷ್ಟೇ ಹಸಿದಿದ್ದರೂ ಹೊರಗೇ ಕಾಯಬೇಕು. ಈ ಕೆಲಸಕ್ಕೆ ಒಂದು ಕಟ್ಟಳೆಯಿತ್ತು. ಕಡಲಿನಲ್ಲಿ ತನ್ನ ಮನೆಯವರು ಯಾರೂ ಇಲ್ಲದವರ ಕೈಗೆ ಬಟ್ಟೆ ಕೊಡಬಾರದು. ಎಂಥ ಜಾಣನಾದರೂ ಸರಿ, ಅವನ ಕಣ್ಣು ಒಂದಲ್ಲ ಒಂದು ದಿನ ಸೋಮಾರಿಯಾಗುತ್ತದೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಘಟ್ಟದ ಮೇಲಿನ ಅರಸರ ಕೈಕೆಳಗಿದ್ದ ಕಾಲದಲ್ಲಿ, ಗುಡ್ಡದ ಬಟ್ಟೆ ಇದ್ದದ್ದು ಬೀರಮ್ಮ ಎಂಬ ವಿಧವೆಯ ಕೈಯಲ್ಲಿ. ಅವಳ ಇಬ್ಬರು ಗಂಡುಮಕ್ಕಳು, ನಾರಣ ಮತ್ತು ಸುಕ್ರ, ಒಂದೇ ದೋಣಿಯಲ್ಲಿ ಹೋಗುವವರು. ಆ ವರ್ಷ ರಾಣಿಗೆ ಕಡಲು ನೋಡುವ ಆಸೆಯಾಯಿತು. ಹುಟ್ಟಿದಂದಿನಿಂದ ಕೆರೆಗಿಂತ ದೊಡ್ಡ ನೀರು ಕಾಣದವಳು ಆಕೆ, ಆಸೆಯೇನೂ ತಪ್ಪಲ್ಲ. ಭೇಟಿಯ ಏರ್ಪಾಡು ಬಂದರಿನ ಪಾರುಪತ್ಯಗಾರ ತಿರುಮಲಯ್ಯನ ಪಾಲಿಗೆ ಬಂತು. ಆತ ತಿಂಗಳುಗಟ್ಟಲೆ ಕುಳಿತು, ಈಗಿನ ಬಣ್ಣದ ಹಾಳೆಯವರೂ ನಾಚುವಂತೆ, ಗಳಿಗೆಗೊಂದು ನೋಟ ಹೊಂದಿಸಿದ. ಬೆಳಿಗ್ಗೆ ಹಡಗಿನಿಂದ ಕುದುರೆ ಇಳಿಸುವುದು, ಮಧ್ಯಾಹ್ನ ತೋಪಿನಲ್ಲಿ ಊಟ, ಸಂಜೆ ಗುಡ್ಡದ ಮೇಲಿಂದ ಸೂರ್ಯಾಸ್ತ. ಬರಿಯ ಸೂರ್ಯ ಸಾಲದೆಂದು ಇನ್ನೊಂದು ಸೊಬಗು ಸೇರಿಸಿದ: ಎರಡು ದಿನ ಮೊದಲೇ ಮೀನಿಗೆ ಹೋಗುವ ಹನ್ನೊಂದು ದೋಣಿಗಳೂ ಅದೇ ಸಂಜೆ, ಹಾಯಿ ಬಿಚ್ಚಿ, ಒಟ್ಟಿಗೆ ಅಳಿವೆಗೆ ಬರಬೇಕೆಂದು ಅಪ್ಪಣೆ ಮಾಡಿದ. ದೋಣಿಗಳು ಹೊರಟವು. ಆಗ ಗುಡ್ಡದ ಮೇಲೆ ಇನ್ನೂ ಏನೂ ಕಟ್ಟಿರಲಿಲ್ಲ.

ರಾಣಿ ಬರುವ ದಿನ ಬೆಳಿಗ್ಗೆ ಆಳುಗಳು ಗುಡ್ಡ ಹತ್ತಿ ತೆಂಕಣ ನೆತ್ತಿಯಲ್ಲಿ ಚಪ್ಪರ ಎಬ್ಬಿಸಿದರು. ನೋಟ ಚೆನ್ನಾಗಿರುವುದು ಅಲ್ಲಿಂದಲೇ. ಬಿಸಿಲಿಗೆ ತಂಪೆಂದು ಸುತ್ತಲೂ ಅಚ್ಚ ಬಿಳಿಯ ಬಟ್ಟೆ ಇಳಿಬಿಟ್ಟರು. ಆ ವಾರ ದೋಣಿಯ ದಾರಿ ಗುಡ್ಡದ ಬಡಗಣ ಹೆಗಲಿಗೆ ನೇರವಾಗಿ ಸರಿದಿತ್ತು. ಚಪ್ಪರಕ್ಕೆ ನೇರವಾಗಿ ಇದ್ದದ್ದು ಮೊಣಕಾಲುದ್ದದ ನೀರು ಮತ್ತು ಮರಳು. ಕೋಲು ಹಿಡಿದು ಮೇಲೆ ಬಂದ ಬೀರಮ್ಮ ಅದನ್ನು ಕಂಡು ತಿರುಮಲಯ್ಯನ ಕಾಲ ಬುಡದಲ್ಲಿ ಕುಳಿತಳು.

"ಒಡೆಯಾ, ಚಪ್ಪರ ಇರ್ಲಿ, ಬಿಳಿ ಬಟ್ಟಿ ಒಂದ್ ತೆಗಿರಿ. ಅದನ್ನ್ ಕಂಡ್ರೆ ನಮ್ಮೋರ್ ಸೀದಾ ಮರಳಿಗೇ ಬತ್ರ್. ಕೆಂಪ್ ಕಟ್ಟಿ, ಹಳದಿ ಕಟ್ಟಿ, ಎಂತ ಬೇಕಾರೂ ಕಟ್ಟಿ, ಬಿಳಿ ಬ್ಯಾಡ."

ತಿರುಮಲಯ್ಯ ಕೆಟ್ಟವನಾಗಿರಲಿಲ್ಲ ಎನ್ನುತ್ತಾರೆ. ಇರಬಹುದು. ಅವನಿಗೆ ಅವಳ ಮಾತು ಅರ್ಥವಾಯಿತು ಎಂದೂ ಹೇಳುತ್ತಾರೆ. ನನ್ನ ಮಟ್ಟಿಗೆ ಅವನ ಒಳ್ಳೆಯತನವೆಲ್ಲ ಅಲ್ಲಿಗೆ ಮುಗಿಯಿತು. ಪಲ್ಲಕ್ಕಿ ಆಗಲೇ ತೋಪು ತಲುಪಿತ್ತು, ಬೇರೆ ಬಣ್ಣದ ಬಟ್ಟೆ ಉಗ್ರಾಣದಲ್ಲಿರಲಿಲ್ಲ, ಬಿಸಿಲಿಗೆ ರಾಣಿಯ ಮುಖ ಕಂದಿದರೆ ಅವನ ಪಾರುಪತ್ಯ ಹೋಗುತ್ತಿತ್ತು. "ನಿಮ್ಮವರಿಗೆ ಕಣ್ಣಿಲ್ಲವೇ ಅಮ್ಮ? ಚಪ್ಪರಕ್ಕೂ ನಿನ್ನ ಹರಕು ಬಟ್ಟೆಗೂ ವ್ಯತ್ಯಾಸ ತಿಳಿಯದಷ್ಟು ದಡ್ಡರೇ?" ಎಂದ. ಹಾಗಾದರೆ ಬಡಗಣ ಹೆಗಲಿನಲ್ಲಿ ತಾನಾದರೂ ಕೋಲು ಹಿಡಿದು ನಿಲ್ಲುತ್ತೇನೆ ಎಂದಳು. ಅದಕ್ಕೂ ಒಪ್ಪಲಿಲ್ಲ. ರಾಣಿಗೆ ಮೀನಿನ ವಾಸನೆ ಆಗದೆಂದು ಕೇರಿಯವರು ಯಾರೂ ಅಂದು ಗುಡ್ಡದ ಮೇಲೆ ಇರಕೂಡದಾಗಿತ್ತು. ಕಾವಲಿನವರು ಅವಳನ್ನು ಕೆಳಗೆ ನಡೆಸಿಕೊಂಡು ಹೋಗಿ ಬಿಟ್ಟರು. ಆ ಗುಡ್ಡದ ಮೇಲೆ ಆ ಸಂಜೆ ಉಳಿದವರಲ್ಲಿ ಕಡಲಿನಲ್ಲಿ ತಮ್ಮವರು ಇದ್ದವರು ಒಬ್ಬರೂ ಇರಲಿಲ್ಲ.

ಸಂಜೆ ಕಡಲಗಾಳಿ ಎದ್ದಿತು. ಹನ್ನೊಂದು ದೋಣಿಗಳೂ ಹೇಳಿದ ಹೊತ್ತಿಗೆ, ಹೇಳಿದ ಹಾಗೆ, ಹಾಯಿ ಬಿಚ್ಚಿ ಬಂದವು. ತೆಂಕಣದಲ್ಲಿ ಅಷ್ಟು ದೊಡ್ಡ ಬಿಳುಪು ಕಂಡು, ರಾಣಿ ಬರುತ್ತಾಳೆಂದು ಮುದುಕಿಗೂ ಹೊಸ ಬಟ್ಟೆ ಸಿಕ್ಕಿದೆ ಎಂದು ತಮ್ಮತಮ್ಮಲ್ಲೇ ನಕ್ಕರಂತೆ. ಬೀರಮ್ಮ ದಂಡೆಯ ಮೇಲೆ ಉಟ್ಟ ಸೀರೆಯನ್ನೇ ಬಿಚ್ಚಿ ಬೀಸುತ್ತಾ ಬಡಗಣಕ್ಕೆ ಓಡಿದಳು. ಅಲೆಯ ನೊರೆಯ ಆಚೆಗಿದ್ದವರಿಗೆ ದಂಡೆ ಕಾಣುವುದಾದರೂ ಹೇಗೆ? ಮೊದಲ ದೋಣಿ ಮರಳಿಗೆ ತಾಗಿ ಅಡ್ಡವಾಯಿತು, ಹಿಂದಿನ ಅಲೆ ಅದನ್ನು ಮಗುಚಿತು. ಹಿಂದೆ ಬರುತ್ತಿದ್ದವರು ಹಾಯಿ ಇಳಿಸುವಷ್ಟರಲ್ಲಿ ಎರಡನೆಯದು ಮೊದಲನೆಯದರ ಮೇಲೆ ಬಿತ್ತು. ಉಳಿದವನ್ನೂ ಗಾಳಿ ಒಂದರ ಹಿಂದೊಂದು ಅದೇ ಮರಳಿಗೆ ತಳ್ಳಿತು, ಬಿದ್ದವರನ್ನು ಅಲೆ ಆಳಕ್ಕೆ ಎಳೆಯಿತು. ಗುಡ್ಡದ ಮೇಲಿಂದ ಅದು ಬಲು ಚೆಂದ ಕಾಣುತ್ತಿತ್ತು ಎನ್ನುತ್ತಾರೆ. ಹೊಂಬಣ್ಣದ ನೀರು, ಅದರಲ್ಲಿ ಬಿಳಿಯ ಹಾಯಿಗಳು ಏಳುವುದು, ಬೀಳುವುದು, ಹೊರಳುವುದು. ದೂರಕ್ಕೆ ಕೂಗು ಕೇಳುವುದಿಲ್ಲವಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವ ಗಾದೆಯಲ್ಲಿ ಬೆಕ್ಕಿಗಾದರೂ ಇಲಿ ಸಾಯುವುದು ಗೊತ್ತಿರುತ್ತದೆ. ರಾಣಿಗೆ ಅದೂ ಗೊತ್ತಿರಲಿಲ್ಲ. ತನಗಾಗಿ ಆಡಿಸಿದ ಆಟವೆಂದೇ ತಿಳಿದು ಆಕೆ ಚಪ್ಪಾಳೆ ತಟ್ಟಿದಳು. ತಿರುಮಲಯ್ಯ ಅಳಿವೆಯ ಕಡೆ ನೋಡಿದ, ರಾಣಿಯ ಕಡೆ ನೋಡಿದ. ಆಮೇಲೆ ಅವನೂ ತಟ್ಟಿದ. ಅವನನ್ನು ನೋಡಿ ಪರಿವಾರವೆಲ್ಲ ತಟ್ಟಿತು. ಬಂಡೆ ಆ ಸದ್ದನ್ನು ದಂಡೆಗೆ ಎಸೆಯಿತು, ಅಲ್ಲಿ ದೋಣಿ ಕಾಯುತ್ತಿದ್ದ ಕೇರಿಯ ಹೆಂಗಸರೆಲ್ಲ ಗುಡ್ಡದ ಕಡೆ ತಿರುಗಿ ನೋಡಿದರು.

"ಇವರು ಮತ್ತೆ ಏಳುವುದು ಯಾವಾಗ?" ಎಂದು ರಾಣಿ ಕೇಳಿದಳಂತೆ.

"ಇವತ್ತಿಗೆ ಇಷ್ಟೇ, ತಾಯಿ," ಎಂದ ತಿರುಮಲಯ್ಯ. ಪಲ್ಲಕ್ಕಿ ಹೊರಟಿತು. ಆಕೆಗೆ ಕೊನೆಯವರೆಗೂ ಯಾರೂ ನಿಜ ಹೇಳಲಿಲ್ಲ. ಮೆಚ್ಚುಗೆಯ ಗುರುತಿಗೆ ಚಪ್ಪರವಿದ್ದಲ್ಲೇ ಕಲ್ಲಿನ ಮಂಟಪ ಕಟ್ಟಿಸಿದಳು. ಈಗ ನೀವು ನೆರಳಿಗೆ ಕೂರುವುದು ಅದರಲ್ಲೇ.

ಹನ್ನೊಂದು ದೋಣಿಗಳಿಂದ ಬದುಕಿ ದಂಡೆಗೆ ಬಂದವರು ಆರೇ ಜನ. ಸುಕ್ರ ಬಂದ, ನಾರಣ ಬರಲಿಲ್ಲ. ಉಪ್ಪುನೀರು ಕಾರಿ ಮುಗಿದ ಮೇಲೆ ಸುಕ್ರ ತಾಯಿಗೆ ಹೇಳಿದ. "ಅಬ್ಬೀ, ನೀ ಕರ್ದದ್ ಅಂದೇಳಿ ನಾವ್ ಬಂದದ್." ಮಗ ಅವಳನ್ನು ದೂರಿದ್ದಲ್ಲ. ಆದರೂ ಆ ಮಾತು ಅವಳ ಜೀವವಿರುವ ತನಕ ಅವಳ ಬೆನ್ನು ಬಿಡಲಿಲ್ಲ ಎನ್ನುತ್ತಾರೆ. ಅವಳು ಶಾಪ ಹಾಕಿದಳು, ತಿರುಮಲಯ್ಯನ ವಂಶ ಅಳಿಯಿತು ಎಂದು ಕೆಲವರು ಸೇರಿಸುತ್ತಾರೆ. ಅದು ಕೇಳುವವರ ಸಮಾಧಾನಕ್ಕೆ ಹೇಳುವ ಮಾತು. ಅವನು ತುಂಬು ಬಾಳು ಬಾಳಿ ಹಾಸಿಗೆಯ ಮೇಲೆ ಸತ್ತ. ಬೀರಮ್ಮ ಹನ್ನೆರಡನೆಯ ದಿನ ಕಳೆದ ಮೇಲೆ ಮತ್ತೆ ಕೋಲು ಹಿಡಿದು ಗುಡ್ಡ ಹತ್ತಿದಳು. ಸುಕ್ರ ಮತ್ತೆ ಕಡಲಿಗೆ ಇಳಿದಿದ್ದ, ಹಾಗಾಗಿ ಬಟ್ಟೆ ಹಿಡಿಯುವ ಹಕ್ಕು ಅವಳಿಗೆ ಇನ್ನೂ ಉಳಿದಿತ್ತು. ಕೇರಿಯಲ್ಲಿ ಅಂದಿನಿಂದ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮದುವೆಯಲ್ಲೂ ಇಲ್ಲ, ಭಜನೆಯಲ್ಲೂ ಇಲ್ಲ, ಅಲ್ಲಿ ತಾಳ ಮಾತ್ರ. ತೊಟ್ಟಿಲ ಕೂಸಿನ ಎರಡು ಕೈ ಕೂಡಿಸಿ ಆಡಿಸುವುದೂ ಇಲ್ಲ. ಪಾರುಪತ್ಯಗಾರ ಆ ಗುಡ್ಡಕ್ಕೆ ರಾಣಿನೋಟ ಎಂದು ಹೆಸರಿಟ್ಟಿದ್ದ. ಕೇರಿಯವರು ಚಪ್ಪಾಳೆಗುಡ್ಡ ಎಂದರು, ಅದೇ ನಿಂತಿತು. ಹೊಗಳಿಕೆಗೆ ಇಟ್ಟ ಹೆಸರಲ್ಲ ಅದು, ಮರೆಯಬಾರದೆಂದು ಇಟ್ಟದ್ದು.

ಈಗ ದೋಣಿಗಳಿಗೆ ಯಂತ್ರವಿದೆ, ಅಳಿವೆಗೆ ಕಲ್ಲಿನ ತಡೆಗೋಡೆಯಿದೆ, ಬಟ್ಟೆ ಕಟ್ಟುವವರಿಲ್ಲ. ಬಡಗಣ ಹೆಗಲಿನಲ್ಲಿ ಬೀರಮ್ಮ ಕೋಲು ನೆಡುತ್ತಿದ್ದ ಕುಳಿ ಬಂಡೆಯಲ್ಲಿ ಹಾಗೆಯೇ ಇದೆ. ಅಲ್ಲಿಂದ ನೋಟ ಅಷ್ಟೇನೂ ಚೆನ್ನಾಗಿಲ್ಲವಾದ್ದರಿಂದ ಯಾರೂ ಹೋಗುವುದಿಲ್ಲ. ಹೋದವರು ಅದರೊಳಗೆ ಜೋಳದ ದಿಂಡು ಎಸೆದು ಬರುತ್ತಾರೆ. ನೀವು ಬಂದಾಗ ಒಂದು ಸಂಗತಿ ಗಮನಿಸಿ. ಸಂಜೆ ಮೇಲಿಂದ ಚಪ್ಪಾಳೆ ಕೇಳಿದೊಡನೆ ಕೆಳಗೆ ಬಂದರುಕಟ್ಟೆಯಲ್ಲಿ ಮೀನು ಆರಿಸುತ್ತಿರುವ ಹೆಂಗಸರೆಲ್ಲ ಕೈ ನಿಲ್ಲಿಸಿ, ಎದ್ದು ನಿಂತು, ಅಳಿವೆಯ ಕಡೆ ನೋಡುತ್ತಾರೆ. ತಮ್ಮ ದೋಣಿ ಕಂಡವಳು ಕೂರುತ್ತಾಳೆ, ಕಾಣದವಳು ನಿಂತೇ ಇರುತ್ತಾಳೆ. ಅವರೂ ಸೂರ್ಯಾಸ್ತ ನೋಡುತ್ತಿದ್ದಾರೆಂದು ತಿಳಿದು ಗುಡ್ಡದ ಮೇಲಿನವರು ಅವರ ಫೋಟೋ ತೆಗೆದುಕೊಳ್ಳುತ್ತಾರೆ. ಚೆನ್ನಾಗಿ ಬಂದರೆ ಇನ್ನೊಮ್ಮೆ ಚಪ್ಪಾಳೆ ತಟ್ಟುತ್ತಾರೆ.